ನೂರ ಎಂಬತ್ತೇಳು ಸೊನ್ನೆಗಳು

ಕಂಪೈಲರ್ ಎಂಬುದು ಅನುಮಾನದ ಪ್ರಾಣಿ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸಿಕೊಡುವುದಷ್ಟೇ ಅದರ ಕೆಲಸ. ಆದರೆ ಕೊಟ್ಟ ಕೆಲಸ ಮಾಡಿ ಸುಮ್ಮನಿರುವ ಜಾಯಮಾನ ಅದರದಲ್ಲ. ‘ಈ ಸಾಲಿನಲ್ಲಿ ವೇರಿಯಬಲ್ ಎಂಬ ಒಂದು ಖಾನೆ ಇದೆ, ಅದಕ್ಕೆ ನೀವು ಬೆಲೆಯನ್ನೇ ಹಾಕಿಲ್ಲ, ಹಾಕದೆಯೇ ಓದುತ್ತಿದ್ದೀರಿ, ನಾಳೆ ನನ್ನನ್ನು ಅನ್ನಬೇಡಿ’ ಎಂದು ಗೊಣಗುತ್ತದೆ. ಈ ಗೊಣಗಾಟಕ್ಕೆ ವಾರ್ನಿಂಗ್ ಎಂದು ಹೆಸರು. ವಾರ್ನಿಂಗ್ ಬಂದರೂ ಪ್ರೋಗ್ರಾಮು ಓಡುತ್ತದೆ. ಓಡುವುದನ್ನು ನಿಲ್ಲಿಸಿ ಯಾರು ನೋಡುತ್ತಾರೆ? ಡಬ್ಬಿರಾಯನ ಆಫೀಸಿನಲ್ಲಿ ಹನ್ನೊಂದು ವರ್ಷ ಒಬ್ಬನನ್ನು ಬಿಟ್ಟರೆ ಯಾರೂ ನೋಡಿರಲಿಲ್ಲ.

ಡಬ್ಬಿರಾಯ ಎಂಬುದು ಅವನಿಗೆ ಅಕ್ಕಪಕ್ಕದವರು ಕೊಟ್ಟ ಬಿರುದು. ದೊಡ್ಡ ಕಟ್ಟಡಗಳ ಮೆಟ್ಟಿಲ ಕೆಳಗೆ ಕೂತು, ಒಂದು ಮನೆಯ ಫೋನಿನಿಂದ ಇನ್ನೊಂದು ಮನೆಯ ಫೋನಿಗೆ ಸಂದೇಶ ಸಾಗಿಸುವ ಕಪ್ಪು ಡಬ್ಬಿಯೊಂದನ್ನು ಅವನ ಕಂಪನಿ ತಯಾರಿಸುತ್ತಿತ್ತು. ಆ ಡಬ್ಬಿಗೊಂದು ಕರ್ನಲ್ ಇತ್ತು, ಅಂದರೆ ಎಲ್ಲಕ್ಕಿಂತ ಒಳಗೆ ಕೂತು ಉಳಿದ ಪ್ರೋಗ್ರಾಮುಗಳನ್ನೆಲ್ಲ ನಡೆಸುವ, ಕೆಟ್ಟಾಗ ಮಾತ್ರ ಜನಕ್ಕೆ ನೆನಪಾಗುವ ಪ್ರೋಗ್ರಾಮು. ಅದರಲ್ಲಿ ಸಂದೇಶ ಕಳಿಸುವ ನೆಟ್‌ವರ್ಕ್ ಭಾಗ ಅವನ ಸುಪರ್ದಿಯಲ್ಲಿತ್ತು. ತಾನು ವಾಸಿಸುವ ಐದಂತಸ್ತಿನ ಕಟ್ಟಡಕ್ಕೂ ಅವನೇ ಒಂದು ಡಬ್ಬಿ ತಂದು ಕೂರಿಸಿದ್ದ. ಆ ಕಟ್ಟಡದ ಗೋಡೆಗಳು ಎಷ್ಟು ದಪ್ಪವೆಂದರೆ ಫೋನಿನ ಸಿಗ್ನಲ್ ಹಿಡಿಯಲು ಜನ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಬೇಕಿತ್ತು. ಡಬ್ಬಿ ಬಂದ ಮೇಲೆ ಇಪ್ಪತ್ತೆರಡು ಮನೆಯವರೂ ದೇಹವನ್ನು ಒಳಗೆ ತೆಗೆದುಕೊಂಡರು. ಸಂದೇಶ ತಲುಪಿದರೆ ಪಕ್ಕದಲ್ಲಿ ಒಂದು ಹಸಿರು ಗುರುತು ಮೂಡುತ್ತಿತ್ತು. ಆ ಗುರುತನ್ನು ತಾನೇ ಒಂದೊಂದಾಗಿ ಹಚ್ಚುತ್ತಿರುವವನಂತೆ ಡಬ್ಬಿರಾಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ.

ಒಂದು ಶುಕ್ರವಾರ ಮ್ಯಾನೇಜರಮ್ಮ ಅವನನ್ನು ಕರೆದರು.

“ಮುಂದಿನ ವಾರ ಮೇಲಿನವರು ನೋಡೋಕೆ ಬರ್ತಾರೆ. ನಮ್ಮ ಕೋಡ್ ಕಂಪೈಲ್ ಮಾಡಿದ್ರೆ ಪರದೆ ತುಂಬ ಹಳದಿ ಅಕ್ಷರ. ಎಷ್ಟಿದೆ ವಾರ್ನಿಂಗು?”

“ನೂರ ಎಂಬತ್ತೇಳು.”

“ಕಡಿಮೆ ಮಾಡಿ.”

ಕಡಿಮೆ ಮಾಡುವುದಕ್ಕೆ ಆ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಅದನ್ನು ಹಾಕಿಕೊಟ್ಟವನು ಡಬ್ಬಿರಾಯನ ಪಕ್ಕದ ಮೇಜಿನ ಹಿರಿಯ. ಎಲ್ಲದಕ್ಕೂ ‘ಯಾಕೆ?’ ಎಂದು ಕೇಳುವುದರಿಂದ ಅವನಿಗೆ ಯಾಕಪ್ಪ ಎಂದೇ ಹೆಸರು ಬಿದ್ದಿತ್ತು. ತನ್ನ ಭಾಗದಲ್ಲಿ ಒಂದು ವಾರ್ನಿಂಗ್ ಬಂದರೆ ಯಾಕಪ್ಪ ಆ ವೇರಿಯಬಲ್ ಎಲ್ಲಿ ಹುಟ್ಟಿತು, ಯಾವ ಯಾವ ದಾರಿ ಹಿಡಿಯಿತು, ಯಾವ ದಾರಿಯಲ್ಲಿ ಬೆಲೆ ಸಿಗದೆ ಹೋಯಿತು ಎಂದು ಹಿಂಬಾಲಿಸುತ್ತಿದ್ದ. ದಿನಕ್ಕೆ ಎರಡು ಮುಗಿದರೆ ಹೆಚ್ಚು. ಆ ವಾರ ಯಾಕಪ್ಪ ರಜೆಯ ಮೇಲಿದ್ದ. ಡಬ್ಬಿರಾಯ ನೂರ ಎಂಬತ್ತೇಳನ್ನು ಎರಡರಿಂದ ಭಾಗಿಸಿ ನೋಡಿ ಗಾಬರಿಯಾದ. ಆಮೇಲೆ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ, ಅವನಿಗೆ ಜ್ಞಾನೋದಯವಾಯಿತು.

ಬೆಲೆ ಹಾಕಿಲ್ಲ ಎಂಬುದು ತಾನೆ ಕಂಪೈಲರಿನ ತಕರಾರು? ಹಾಕಿಬಿಟ್ಟರಾಯಿತು. ಯಾವ ಬೆಲೆ? ಸೊನ್ನೆ. ಸೊನ್ನೆ ಯಾರ ತಂಟೆಗೂ ಹೋಗದ ಸಂಖ್ಯೆ. ಕೂಡಿದರೆ ಹೆಚ್ಚಾಗದು, ಕಳೆದರೆ ಕಡಿಮೆಯಾಗದು. ಅವನು ನೂರ ಎಂಬತ್ತೇಳು ವೇರಿಯಬಲ್‌ಗಳಿಗೂ ಹುಟ್ಟಿದ ಜಾಗದಲ್ಲೇ ಒಂದೊಂದು ಸೊನ್ನೆ ಕಟ್ಟಿಬಿಟ್ಟ. ನಾಲ್ಕೂವರೆಗೆ ಕಂಪೈಲರ್ ಬಾಯಿ ಮುಚ್ಚಿಕೊಂಡಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಪರದೆಯ ಮೇಲೆ ಒಂದೂ ಹಳದಿ ಅಕ್ಷರವಿರಲಿಲ್ಲ. ಮ್ಯಾನೇಜರಮ್ಮ ಒಂದು ಹಾಳೆಯಲ್ಲಿ ‘ಮೊದಲು ೧೮೭, ಈಗ ೦’ ಎಂದು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು. ಡಬ್ಬಿರಾಯ ಆ ಹಾಳೆಯ ಮುಂದೆ ನಿಲ್ಲಲು ಅನುಕೂಲವಾಗಲೆಂದು ಮೂರು ಸಲ ನೀರು ಕುಡಿಯಲು ಎದ್ದ.

ಇಷ್ಟಕ್ಕೆ ನಿಂತಿದ್ದರೆ ಕಥೆಯಿಲ್ಲ. ಶನಿವಾರ ಬೆಳಿಗ್ಗೆ ಅವನು ಆ ಹೊಸ ಪ್ರೋಗ್ರಾಮನ್ನು ತನ್ನ ಕಟ್ಟಡದ ಡಬ್ಬಿಗೆ ಹಾಕಿದ. ಲೋಕದಲ್ಲಿ ಮೊದಲು ಇಲ್ಲಿಗೇ ಹಾಕುತ್ತಿರುವುದಾಗಿ ಪ್ರತಿ ಮಹಡಿಯಲ್ಲೂ ನಿಂತು ಹೇಳಿದ.

ಸೋಮವಾರ ಬೆಳಿಗ್ಗೆ ಅವನು ಆಫೀಸಿಗೆ ಇಳಿಯುತ್ತಿದ್ದಾಗ ಮೆಟ್ಟಿಲ ಮೇಲೆ ಹೆಂಡತಿಯ ಅಣ್ಣ ಎದುರಾದ. ಈ ಅಣ್ಣ ನಿವೃತ್ತ ಸರ್ವೇಯರ್; ಅವನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು; ನಾಲ್ಕನೇ ಮಹಡಿಯಲ್ಲಿ ಒಬ್ಬನೇ ಇದ್ದ. ಅವನೂ ಡಬ್ಬಿರಾಯನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು.

“ಭಾವ, ಒಂದು ವಿಷಯ. ಕೂತ್ಕೊಳ್ಳಿ.”

“ಇಲ್ಲೇನಾ? ಮೆಟ್ಟಿಲ ಮೇಲಾ?”

“ನಿಂತು ಕೇಳೋ ವಿಷಯ ಅಲ್ಲ.”

ಡಬ್ಬಿರಾಯ ಕೂತ. ಸರ್ವೇಯರ್ ಸುತ್ತ ನೋಡಿ, ಜಮೀನಿನ ಅಳತೆ ಹೇಳುವ ದನಿಯಲ್ಲಿ ಹೇಳಿದ:

“ನಾನು ಹೊಲಿಗೆಯಮ್ಮನ್ನ ಮದುವೆ ಆಗ್ತಿದ್ದೀನಿ.”

ಡಬ್ಬಿರಾಯ ಕೂತಿದ್ದರೂ ಕಂಬಿ ಹಿಡಿದುಕೊಂಡ. “ಯಾವ ಹೊಲಿಗೆಯಮ್ಮ?”

“ಈ ಕಟ್ಟಡದಲ್ಲಿ ಎಷ್ಟು ಜನ ಇದ್ದಾರೆ ಹೊಲಿಗೆಯಮ್ಮ?”

ಒಬ್ಬರೇ ಇದ್ದರು. ನೆಲಮಹಡಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಅರವತ್ತು ಮುಟ್ಟಿದ, ಒಂಟಿ, ಮಿತ ಮಾತಿನ ಹೆಂಗಸು. ಸರ್ವೇಯರನ ಒಂದೇ ಅಂಗಿಯ ಒಂದೇ ಗುಂಡಿ ಈ ವರ್ಷ ಆರು ಸಲ ಕಿತ್ತುಹೋದದ್ದನ್ನು ಕಟ್ಟಡದವರೆಲ್ಲ ನೋಡಿದ್ದರು. ಎಲ್ಲರೂ ಅದು ದಾರದ ದೋಷವೆಂದೇ ತಿಳಿದಿದ್ದರು.

“ಶನಿವಾರ ಹನ್ನೊಂದು ಗಂಟೆಗೆ ರಿಜಿಸ್ಟ್ರಾರ್ ಆಫೀಸಲ್ಲಿ ನಮಗೆ ಸಮಯ ಕೊಟ್ಟಿದ್ದಾರೆ,” ಎಂದ ಸರ್ವೇಯರ್. “ನನ್ನ ಕಡೆ ಸಾಕ್ಷಿ ಸಹಿ ತಂಗೀದೇ ಆಗಬೇಕು. ಅವಳು ಹಾಕಲ್ಲ ಅಂದ್ರೆ ನಾನೂ ಹಾಕಲ್ಲ. ಅವಳ ಮನಸ್ಸು ನೋಯಿಸಿ ನಂಗೆ ಸಂಸಾರ ಬೇಡ.”

“ಹಾಗಾದ್ರೆ ಈಗಲೇ ಬನ್ನಿ. ಮನೇಲೇ ಇದ್ದಾಳೆ. ಕೇಳಿಬಿಡಿ.”

ಸರ್ವೇಯರ್ ಬೆಚ್ಚಿಬಿದ್ದ. “ಮುಖ ನೋಡ್ಕೊಂಡಾ? ಏನ್ ಭಾವ ನೀವು.”

ಅವನು ಬೆಚ್ಚಿದ್ದರಲ್ಲಿ ಅರ್ಥವಿತ್ತು. ಈ ಅಣ್ಣತಂಗಿಯರ ರೀತಿಯೇ ಬೇರೆ. ಎದುರು ಕೂತರೆ ‘ಊಟ ಆಯ್ತಾ’ ಎಂದು ಒಬ್ಬರು, ‘ಆಯ್ತು’ ಎಂದು ಇನ್ನೊಬ್ಬರು; ಅಲ್ಲಿಗೆ ಮಾತು ಮುಗಿದು ಇಬ್ಬರೂ ಗೋಡೆ ನೋಡುತ್ತಿದ್ದರು. ಆದರೆ ಡಬ್ಬಿರಾಯ ಮನೆಯಲ್ಲಿರುವ ಶನಿವಾರ ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಮೂರಕ್ಕೆ, ನಾಲ್ಕನೇ ಮಹಡಿಯಿಂದ ಮೊದಲ ಮಹಡಿಗೆ, ಮೊದಲ ಮಹಡಿಯಿಂದ ನಾಲ್ಕನೆಯದಕ್ಕೆ, ಮೂವತ್ತು ನಲವತ್ತು ಸಾಲಿನ ಕಾಗದಗಳು ಡಬ್ಬಿಯ ಮೂಲಕ ಹರಿಯುತ್ತಿದ್ದವು. ಮನಸ್ಸಿನಲ್ಲಿದ್ದದ್ದೆಲ್ಲ ಅದರಲ್ಲೇ. ಗಂಡನಾದವನಿಗೂ ಅದರಲ್ಲಿ ಪ್ರವೇಶವಿರಲಿಲ್ಲ.

“ಇವತ್ತು ಮೂರಕ್ಕೆ ಬರೀತೀನಿ. ಎರಡು ದಿನದಿಂದ ಮನಸ್ಸಲ್ಲೇ ಬರ್ಕೊಂಡಿದ್ದೀನಿ. ಅಲ್ಲೀವರೆಗೂ, ಅಲ್ಲಿಂದ ಮೇಲೂ, ನೀವು ಬಾಯಿ ಬಿಡಬಾರದು.”

ಡಬ್ಬಿರಾಯ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟ. ಕೊಟ್ಟ ಮಾತನ್ನು ಅವನು ಉಳಿಸಿಕೊಂಡದ್ದು ಅದೇ ಮೊದಲು, ಉಳಿಸಿಕೊಳ್ಳಬಾರದಾಗಿದ್ದದ್ದೂ ಅದೊಂದನ್ನೇ.

ಮಧ್ಯಾಹ್ನ ಮೂರಕ್ಕೆ ಸರ್ವೇಯರ್ ನಲವತ್ತೆರಡು ಸಾಲು ಬರೆದು ಕಳಿಸಿದ. ಹಸಿರು ಗುರುತು ಬಂತು. ಒಂದು ಗಂಟೆ ಕಾದು, ತಡೆಯಲಾರದೆ, ‘ಏನಂತೀಯಾ?’ ಎಂದು ಇನ್ನೊಂದು ಕಳಿಸಿದ. ಅದಕ್ಕೂ ಹಸಿರು ಗುರುತು.

ಸಂಜೆ ಡಬ್ಬಿರಾಯ ಬಾಗಿಲು ತೆಗೆದಾಗ ಅಡುಗೆಮನೆಯಲ್ಲಿ ಪಾತ್ರೆಗಳು ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದವು.

“ಅಣ್ಣ ಬರೆದಿದ್ದಾನೆ,” ಎಂದಳು ಹೆಂಡತಿ, ತಿರುಗದೆ.

ಡಬ್ಬಿರಾಯ ಚಪ್ಪಲಿ ಬಿಡುವುದನ್ನು ನಿಲ್ಲಿಸಿದ. “ಏನಂತೆ?”

“ಏನಂತೀಯಾ ಅಂತೆ. ನಾನು ಏನನ್ನಬೇಕಂತೆ?”

“ನೀನೇನಂದೆ?”

“ನಂಗೇನೂ ಅನ್ನೋದಿಲ್ಲ ಅಂದೆ. ಮತ್ತೇನು ಮಾಡ್ಲಿ? ನಾನು ಏನು, ನನ್ನ ಮನಸ್ಸು ಏನು, ಅದೊಂದೂ ಬೇಡ ಅವನಿಗೆ.”

ಅವಳು ಓದಿ ಸಿಟ್ಟಾಗಿದ್ದಾಳೆ ಎಂಬುದರಲ್ಲಿ ಡಬ್ಬಿರಾಯನಿಗೆ ಸಂಶಯವುಳಿಯಲಿಲ್ಲ. ನಿಜ ಸಂಗತಿಯೇ ಬೇರೆ. ಅವಳಿಗೆ ಬಂದದ್ದು ‘ಏನಂತೀಯಾ?’ ಎಂಬ ಒಂದೇ ಮಾತು. ಅದೇ ಮೂರು ಗಂಟೆಗೆ ಅವಳೂ ಅಣ್ಣನಿಗೆ ಒಂದು ಉದ್ದದ ಕಾಗದ ಬರೆದಿದ್ದಳು, ಯಾರಿಗೂ ಹೇಳಿಕೊಳ್ಳಲಾಗದ ಒಂದು ಆಸೆಯನ್ನು ನಾಚಿಕೆ ಬಿಟ್ಟು ಬರೆದಿದ್ದಳು. ಹಸಿರು ಗುರುತು ಬಂದಿತ್ತು. ಅದಕ್ಕೆ ಒಂದಕ್ಷರ ಉತ್ತರವಿಲ್ಲದೆ ಆಸಾಮಿ ‘ಏನಂತೀಯಾ’ ಎಂದು ಕೇಳುತ್ತಾನೆ.

ಇದಾವುದೂ ತಿಳಿಯದ ಡಬ್ಬಿರಾಯ ಸಂಧಾನಕ್ಕೆ ಇಳಿದ. “ಅಲ್ಲ ಕಣೇ, ಸ್ವಲ್ಪ ನಿಧಾನವಾಗಿ ಯೋಚನೆ ಮಾಡು. ವಯಸ್ಸಾಯ್ತು ಅಂತ ಮನುಷ್ಯರಿಗೆ ಆಸೆ ಇರಬಾರದಾ? ಜನ ನಗ್ತಾರೆ ಅಂತ ಬಿಟ್ಟುಬಿಡಕ್ಕಾಗುತ್ತಾ?”

ಪಾತ್ರೆಯ ಸದ್ದು ನಿಂತಿತು. ಅವಳು ನಿಧಾನವಾಗಿ ತಿರುಗಿದಳು. ಮುಖ ಕೆಂಪಾಗಿತ್ತು.

“ಯಾವ ಆಸೆ? ನಿಮಗೆ ಯಾರು ಹೇಳಿದ್ರು?”

“ಯಾರೂ ಇಲ್ಲ.”

“ಅಣ್ಣ ಹೇಳಿದ್ನಾ?”

“ಹೇಳಿದ್ರು. ಆದ್ರೆ ಯಾರಿಗೂ ಹೇಳಬೇಡಿ ಅಂದಿದ್ದಾರೆ.”

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ತನ್ನ ಗುಟ್ಟನ್ನು ಅಣ್ಣ ಗಂಡನಿಗೆ ಊದಿದ್ದಾನೆ. ಊದಿದ್ದಲ್ಲದೆ ನಗಾಡಿದ್ದಾನೆ ಎಂದು ಅವಳು ತಿಳಿದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನ ತಟ್ಟೆ ಮಾತ್ರ ಅಡುಗೆಮನೆಯಲ್ಲಿ ಮೊದಲೇ ಬಡಿಸಿಟ್ಟಿತ್ತು.

ಮಂಗಳವಾರ ಬೆಳಿಗ್ಗೆ ಸರ್ವೇಯರ್ ಫೋನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕಾಯುತ್ತಿದ್ದ.

“ಭಾವ, ನೀವು ಬಲ್ಲವರು. ನನ್ನ ಕಾಗದ ಹೋಗಿದೆಯಾ ಇಲ್ವಾ, ನೋಡಿ ಹೇಳಿ.”

ಡಬ್ಬಿರಾಯ ಕನ್ನಡಕ ಏರಿಸಿ, ವೈದ್ಯರು ನಾಡಿ ನೋಡುವ ಗಾಂಭೀರ್ಯದಿಂದ ಪರದೆ ನೋಡಿದ. “ಹಸಿರು ಗುರುತು ಇದೆಯಲ್ಲ. ಹೋಗಿದೆ.”

“ತಪ್ಪಿ ಏನಾದ್ರೂ...”

“ಭಾವ, ಶುಕ್ರವಾರ ಇದರಲ್ಲಿದ್ದ ನೂರ ಎಂಬತ್ತೇಳು ದೋಷ ತೆಗೆದಿದ್ದೀನಿ, ಈ ಕೈಯಾರೆ. ಮನುಷ್ಯರು ಸುಳ್ಳು ಹೇಳಬಹುದು. ನನ್ನ ಡಬ್ಬಿ ಹೇಳಲ್ಲ.”

“ಹಾಗಾದ್ರೆ ಓದಿಯೇ ಹೀಗಂದಿದ್ದಾಳೆ,” ಎಂದು ಸರ್ವೇಯರ್ ಪರದೆಯನ್ನು ತೋರಿಸಿದ. ‘ನಂಗೇನೂ ಅನ್ನೋದಿಲ್ಲ.’ ಅದನ್ನು ಅವನು ಅಷ್ಟು ಹೊತ್ತಿನಲ್ಲಿ ಎಷ್ಟು ಸಲ ಓದಿದ್ದನೋ. ಮೇಲೆ ಹೋಗಿ ಅರವತ್ತು ಸಾಲಿನ ಇನ್ನೊಂದು ಕಾಗದ ಬರೆದ. ಬುಧವಾರ ತೊಂಬತ್ತು ಸಾಲಿನದೊಂದು. ಎರಡಕ್ಕೂ ಹಸಿರು ಗುರುತು ಬಂತು. ಕೆಳಗಿನಿಂದ ಒಂದೂ ಉತ್ತರ ಬರಲಿಲ್ಲ.

ಗುರುವಾರ ಬೆಳಿಗ್ಗೆ ಕಟ್ಟಡದಲ್ಲಿ ನೀರು ನಿಂತಿತು.

ಮೇಲಿನ ಟ್ಯಾಂಕು ತೊಳೆಯಲು ಗುರುವಾರ ನೀರು ನಿಲ್ಲುವುದೆಂದು ಸಂಘದ ಕಾರ್ಯದರ್ಶಿ ಮಂಗಳವಾರವೇ ಎಂಟು ಪ್ಯಾರಾಗಳ ಸುತ್ತೋಲೆ ಕಳಿಸಿದ್ದರು. ನೀರಿನ ವಿಷಯ ಆರನೆಯ ಪ್ಯಾರಾದಲ್ಲಿತ್ತು. ಒಂದು ಮನೆಯವರೂ ಒಂದು ಬಕೆಟ್ ಹಿಡಿದಿಟ್ಟಿರಲಿಲ್ಲ. ಎಂಟು ಗಂಟೆಗೆ ಮೆಟ್ಟಿಲ ಮೇಲೆ ಜನ ಸೇರಿದರು. ಎರಡನೇ ಮಹಡಿಯ ಹಲ್ಲಿನ ಡಾಕ್ಟರು ಟವೆಲ್ಲಿನಲ್ಲಿ, ತಲೆಯ ತುಂಬ ನೊರೆಯಲ್ಲಿ ಬಂದಿದ್ದರು. ಒಂದು ಕಣ್ಣು ಮಾತ್ರ ತೆರೆದಿತ್ತು.

“ಓದಲಿಲ್ಲ ಅಂತ ಒಪ್ಕೊಳ್ಳಿ ಡಾಕ್ಟ್ರೇ,” ಎಂದರು ಕಾರ್ಯದರ್ಶಿ. “ಬರಲೇ ಇಲ್ಲ ಅಂತ ಯಾಕೆ ಹೇಳ್ತೀರಿ?”

“ರೀ, ಐದು ದಿನದಿಂದ ನಿಮ್ಮ ಒಂದು ಸುತ್ತೋಲೇನೂ ಬಂದಿಲ್ಲ. ನಿಮಗೆ ಹುಷಾರಿಲ್ಲ ಅಂದುಕೊಂಡಿದ್ವಿ ಎಲ್ರೂ.”

“ಹುಷಾರಿಲ್ಲ ಅಂದುಕೊಂಡವರು ಒಬ್ಬರಾದ್ರೂ ಬಂದು ವಿಚಾರಿಸಿದ್ರಾ?”

“ಹುಷಾರಾಗಿಬಿಟ್ಟಿದ್ರೆ ಅಂತ ಭಯ ಆಯ್ತು.”

ಕಾರ್ಯದರ್ಶಿ ಇಪ್ಪತ್ತೆರಡು ಹಸಿರು ಗುರುತುಗಳನ್ನು ಎತ್ತಿ ಹಿಡಿದು, “ಡಬ್ಬಿರಾಯರೇ, ನೀವೇ ಹೇಳಿ” ಎಂದರು. ಎಲ್ಲರೂ ಅವನತ್ತ ತಿರುಗಿದರು. ನೊರೆಯ ನಡುವಿನ ಒಂಟಿಗಣ್ಣೂ ತಿರುಗಿತು.

ಡಬ್ಬಿರಾಯ ಗಂಟಲು ಸರಿಮಾಡಿಕೊಂಡ. “ನೋಡಿ, ನಾನು ಯಾರ ಪರಾನೂ ಅಲ್ಲ. ಗುರುತು ಇದೆ ಅಂದ್ರೆ ಬಂದಿದೆ. ಇಪ್ಪತ್ತೆರಡು ಮನೆಗೂ ಬಂದಿದೆ.”

ಡಾಕ್ಟರು ತೆರೆದಿದ್ದ ಕಣ್ಣನ್ನೂ ಮುಚ್ಚಿಕೊಂಡರು.

ಆಗ ಮೂರನೇ ಮಹಡಿಯ ಬಸ್ ಡ್ರೈವರು ಕೈ ಎತ್ತಿದ. ಅವನಿಗೆ ಮದುವೆಯಾಗಿ ಮೂರು ತಿಂಗಳು. “ಸಾರ್, ನಂದೂ ಒಂದು ಸಂಶಯ. ಸೋಮವಾರ ಜಗಳ ಆದ್ಮೇಲೆ ಹೆಂಡ್ತಿಗೆ ಉದ್ದಕ್ಕೆ ಬರೆದೆ ಸಾರ್, ತಪ್ಪಾಯ್ತು, ಹಂಗೆ ಹಿಂಗೆ, ಎಲ್ಲಾ ಬಿಡಿಸಿ ಬರೆದೆ. ಕೊನೇಲಿ ‘ಇಷ್ಟೇ’ ಅಂತ ಇನ್ನೊಂದು ಹಾಕಿದೆ. ಅವಳಿಗೆ ‘ಇಷ್ಟೇ’ ಮಾತ್ರ ಬಂತಂತೆ. ತವರಿಗೆ ಹೋಗವ್ಳೆ.”

“ಎರಡಕ್ಕೂ ಗುರುತಿದೆಯಾ?”

“ಅದೆ.”

“ಹಾಗಾದ್ರೆ ಎರಡೂ ಬಂದಿದೆ. ಅವರಿಗೆ ಹೋಗಬೇಕಿತ್ತು, ಹೋಗಿದ್ದಾರೆ.”

ಡ್ರೈವರು ಗರಬಡಿದವನಂತೆ ನಿಂತ. ಮೇಲಿನ ಮೆಟ್ಟಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ಸರ್ವೇಯರ್ ತಿರುಗಿ ಮನೆಗೆ ಹೋದ.

ಶುಕ್ರವಾರ ಬೆಳಿಗ್ಗೆ ಹೊಲಿಗೆಯಮ್ಮನ ಅಂಗಡಿಯ ಷಟರು ಕೆಳಗಿಳಿದಿತ್ತು. ಹದಿನಾರು ವರ್ಷದಲ್ಲಿ ಆ ಷಟರು ಹಗಲಿನಲ್ಲಿ ಇಳಿದದ್ದನ್ನು ಯಾರೂ ನೋಡಿರಲಿಲ್ಲ. ರವಿಕೆ ಇಸಿದುಕೊಳ್ಳಲು ಬಂದ ಹೆಂಗಸರು, ಪ್ಯಾಂಟು ಗಿಡ್ಡ ಮಾಡಿಸಲು ಬಂದ ಗಂಡಸರು ಅದರ ಮುಂದೆ ಸಾವಿನ ಮನೆಗೆ ಬಂದವರಂತೆ ಪಿಸುಗುಟ್ಟುತ್ತಿದ್ದರು. ಒಳಗೆ ಯಂತ್ರದ ಸದ್ದಿರಲಿಲ್ಲ.

ಸರ್ವೇಯರ್ ಮೂಲೆಯಲ್ಲಿ ನಿಂತಿದ್ದ. ಅಂಗಿಯ ಗುಂಡಿಗಳೆಲ್ಲ ಭದ್ರವಾಗಿದ್ದವು.

“ನಿನ್ನೆ ಸಂಜೆ ಅವರಿಗೆ ಹೇಳಿಬಿಟ್ಟೆ ಭಾವ. ತಂಗಿ ಮನಸ್ಸು ಹೀಗಿದೆ, ನಂಗೆ ಇಷ್ಟು ಸಂಕಟ ಇದೆ, ನಿಮ್ಮ ತಪ್ಪೇನೂ ಇಲ್ಲ ಅಂತ ಎಲ್ಲಾ ಬಿಡಿಸಿ ಮೂರು ಪುಟ ಬರೆದೆ. ಆಮೇಲೆ ಕೊನೇಲಿ ‘ಬೇಡ’ ಅಂತ ಬೇರೆ ಕಳಿಸಿದೆ.”

“ಎರಡೂ...”

“ಹೋಗಿದೆ. ಹಸಿರು ಗುರುತಿದೆ.”

ನನ್ನ ಹೆಂಡತಿ ಇಷ್ಟು ಕಲ್ಲೆದೆಯವಳೇ ಎಂದು ಯೋಚಿಸುತ್ತ ಡಬ್ಬಿರಾಯ ಆಫೀಸಿಗೆ ಹೋದ.

ಅಲ್ಲಿ ಯಾಕಪ್ಪ ರಜೆ ಮುಗಿಸಿ ಬಂದಿದ್ದ. ಗೋಡೆಯ ಹಾಳೆಯನ್ನು ಅವನು ನೋಡಲಿಲ್ಲ. ಅವನ ಪರದೆಯ ಮೇಲೆ ಡಬ್ಬಿರಾಯನ ಸೊನ್ನೆಗಳು ಸಾಲಾಗಿ ನಿಂತಿದ್ದವು.

“ಈ ಸೊನ್ನೆ ಯಾಕೆ?”

“ವಾರ್ನಿಂಗ್ ಹೋಗಲಿ ಅಂತ.”

“ವಾರ್ನಿಂಗ್ ಹೋಯ್ತು. ತಪ್ಪು ಹೋಯ್ತಾ?”

ಯಾಕಪ್ಪ ಒಂದು ಸಾಲಿನ ಮೇಲೆ ಬೆರಳಿಟ್ಟ. ಸಂದೇಶ ಕಳಿಸುವ ಭಾಗ ಅದು. ಕೆಲಸ ಏನಾಯಿತೆಂದು ಮೇಲಿನ ಪ್ರೋಗ್ರಾಮಿಗೆ ವರದಿ ಒಪ್ಪಿಸುವ ವೇರಿಯಬಲ್ ಒಂದಿತ್ತು.

“ಸಂದೇಶ ಚಿಕ್ಕದಾದ್ರೆ ಇದಕ್ಕೆ ಬೆಲೆ ಎಲ್ಲಿ ಸಿಗುತ್ತೆ?”

“ಇಲ್ಲಿ. ಕಳಿಸಿದ ಮೇಲೆ.”

“ಡಬ್ಬಿ ಒಂದು ಸಲಕ್ಕೆ ಕಳಿಸೋ ಕಟ್ಟಿನಲ್ಲಿ ಹಿಡಿಸದಷ್ಟು ಉದ್ದ ಆದ್ರೆ?”

ಡಬ್ಬಿರಾಯ ಹುಡುಕಿದ. “ಎಲ್ಲೂ ಇಲ್ಲ. ಉದ್ದ ಇದ್ರೆ ಕಳಿಸೋದೇ ಇಲ್ಲ, ಹಾಗೇ ವಾಪಸ್ ಬರುತ್ತೆ.”

“ಬರೋವಾಗ ಈ ಖಾನೇಲಿ ಏನಿರುತ್ತಿತ್ತು? ನಿಮ್ಮ ಸೊನ್ನೆಗೆ ಮುಂಚೆ?”

“ಏನೋ ಕಸ. ಹಿಂದೆ ಯಾರೋ ಬಿಟ್ಟುಹೋದದ್ದು. ಏಳು ಸಾವಿರದ ಎಷ್ಟೋ.”

“ಆ ಕಸ ನೋಡಿ ಮೇಲಿನ ಪ್ರೋಗ್ರಾಮು ಏನಂದುಕೊಳ್ತಿತ್ತು?”

“ಸೊನ್ನೆ ಬಿಟ್ಟು ಏನು ಬಂದ್ರೂ ಹೋಗಲಿಲ್ಲ ಅಂತ. ಆಮೇಲೆ ಅದು ಸಂದೇಶಾನ ಚೂರು ಚೂರು ಮಾಡಿ ಮತ್ತೆ ಕಳಿಸ್ತಿತ್ತು.”

“ಹನ್ನೊಂದು ವರ್ಷ ಈ ಡಬ್ಬಿ ಕಸದ ಪುಣ್ಯದಿಂದ ನಡೆದಿದೆ,” ಎಂದ ಯಾಕಪ್ಪ. “ಅದನ್ನೇ ಕಂಪೈಲರ್ ಹೇಳ್ತಿದ್ದದ್ದು. ಈಗ ಹೇಳಿ, ಕರ್ನಲ್‌ನಲ್ಲಿ ಸೊನ್ನೆ ಅಂದ್ರೆ ಏನು?”

ಅದು ಮೊದಲ ದಿನ ಕೆಲಸಕ್ಕೆ ಸೇರಿದವನಿಗೂ ಗೊತ್ತಿರುವ ಸಂಗತಿ. ಡಬ್ಬಿರಾಯ ಪಾಠ ಒಪ್ಪಿಸುವವನಂತೆ ಬಾಯಿ ತೆರೆದ.

“ಸೊನ್ನೆ ಅಂದ್ರೆ, ಏನೂ ತಪ್ಪಾಗಿಲ್ಲ, ಕೆಲಸ ಸುಸೂತ್ರವಾಗಿ...”

ಅಲ್ಲಿಗೆ ನಿಂತ. ಸೊನ್ನೆ ಬಂದರೆ ಹಸಿರು ಗುರುತು. ಅವನಿಗೆ ಡಾಕ್ಟರ ನೊರೆ ಕಾಣಿಸಿತು. ತವರಿಗೆ ಹೋದ ಡ್ರೈವರನ ಹೆಂಡತಿ, ಇಳಿದ ಷಟರು, ನಲವತ್ತೆರಡು ಸಾಲು, ಅರವತ್ತು ಸಾಲು, ತೊಂಬತ್ತು ಸಾಲು. ಇಡೀ ವಾರ ಆ ಕಟ್ಟಡದಲ್ಲಿ ಒಂದು ಕ್ಷಮಾಪಣೆ, ಒಂದು ವಿವರಣೆ, ಒಂದು ಸಂಕಟ ಯಾರಿಗೂ ತಲುಪಿರಲಿಲ್ಲ. ‘ಬೇಡ’, ‘ಇಷ್ಟೇ’, ‘ನಂಗೇನೂ ಅನ್ನೋದಿಲ್ಲ’ ಇಂಥವು ಮಾತ್ರ ಮಿಂಚಿನಂತೆ ತ್ವರಿತವಾಗಿ ಮುಟ್ಟಿದ್ದವು. ಪ್ರತಿಯೊಂದಕ್ಕೂ ಅವನೇ ಖುದ್ದಾಗಿ ನಿಂತು ಸಾಕ್ಷಿ ಹೇಳಿದ್ದ.

ಅವನು ಆ ಸೊನ್ನೆಯನ್ನು ಅಳಿಸಿ, ‘ಉದ್ದ ಹೆಚ್ಚಾಯಿತು, ಹೋಗಲಿಲ್ಲ’ ಎಂದು ಹೇಳುವ ನಿಜವಾದ ಬೆಲೆಯನ್ನು ಅಲ್ಲಿ ಬರೆದ. ಒಂದೇ ಸಾಲು. ಬದಲಾವಣೆಯ ಕಾರಣ ಬರೆಯುವ ಜಾಗದಲ್ಲಿ, ತಪ್ಪು ಯಾರದೆಂದು ಬರೆಯುವ ಪದ್ಧತಿಯಿದ್ದುದರಿಂದ, ತನ್ನ ಹೆಸರನ್ನೂ ಬರೆದ. ಮ್ಯಾನೇಜರಮ್ಮನಿಗೆ ಹೇಳಿದಾಗ ಅವರು ಕುರ್ಚಿಯಿಂದ ಅರ್ಧ ಎದ್ದರು.

“ನೂರ ಎಂಬತ್ತೇಳರಲ್ಲಿ ಇದೊಂದೇ ತಾನೆ ಹೀಗಿರೋದು?”

“ಗೊತ್ತಿಲ್ಲ ಮೇಡಂ. ಉಳಿದ ನೂರ ಎಂಬತ್ತಾರನ್ನೂ ಈಗ ನೋಡಬೇಕು.”

ಅವರು ಹಾಗೇ ಕೂತುಬಿಟ್ಟರು. ಡಬ್ಬಿರಾಯ ಅರ್ಧ ದಿನ ರಜೆ ಬರೆದುಕೊಟ್ಟು ಓಡಿದ.

ಮೆಟ್ಟಿಲ ಕೆಳಗೆ ಮಂಡಿಯೂರಿ ಡಬ್ಬಿಗೆ ಹೊಸ ಪ್ರೋಗ್ರಾಮು ಹಾಕಿದ. ಆಮೇಲೆ ನಾಲ್ಕನೇ ಮಹಡಿಗೆ ಹತ್ತಿ, ಸರ್ವೇಯರನನ್ನು ತೋಳು ಹಿಡಿದು ಇಳಿಸಿಕೊಂಡು ಬಂದು, ತನ್ನ ಮನೆಯ ಸೋಫಾದ ಒಂದು ತುದಿಯಲ್ಲಿ ಕೂರಿಸಿದ. ಇನ್ನೊಂದು ತುದಿಯಲ್ಲಿ ಹೆಂಡತಿಯನ್ನು ಕೂರಿಸಿದ. ಅಣ್ಣತಂಗಿ ಎದುರು ಗೋಡೆಯನ್ನು ನೋಡುತ್ತ ಕೂತರು.

“ಊಟ ಆಯ್ತಾ,” ಎಂದ ಅಣ್ಣ.

“ಆಯ್ತು,” ಎಂದಳು ತಂಗಿ.

“ತಪ್ಪು ನಂದು,” ಎಂದ ಡಬ್ಬಿರಾಯ. “ಸೋಮವಾರದಿಂದ ನೀವಿಬ್ರೂ ಬರೆದ ಒಂದು ಕಾಗದಾನೂ ಹೋಗಿಲ್ಲ. ಉದ್ದದ್ದು ಯಾವುದೂ ಹೋಗಿಲ್ಲ.”

“ಹಸಿರು ಗುರುತಿತ್ತಲ್ಲ,” ಎಂದ ಸರ್ವೇಯರ್.

“ಅದು ಸುಳ್ಳು.”

“ನಿಮ್ಮ ಡಬ್ಬಿ ಸುಳ್ಳು ಹೇಳಲ್ಲ ಅಂದ್ರಿ.”

“ಅದು ಹೇಳಲ್ಲ. ನಾನು ಹೇಳಿಸಿದ್ದೆ.”

ಹೆಂಡತಿ ಗಂಡನನ್ನು ದಿಟ್ಟಿಸಿದಳು. “ಅಣ್ಣಂಗೆ ನಂದು ಮುಟ್ಟೇ ಇಲ್ಲ ಅಂದ್ರೆ, ನನ್ನ ಆಸೆ ವಿಷಯ ನಿಮಗೆ ಹ್ಯಾಗೆ ಹೇಳಿದ?”

“ನಿನ್ನ ಆಸೆನಾ?” ಎಂದು ಡಬ್ಬಿರಾಯ ಕಕ್ಕಾಬಿಕ್ಕಿಯಾದ. “ಭಾವ ಹೇಳಿದ್ದು ಭಾವನ ಆಸೆ. ನಿಂದೇನದು? ಅಯ್ಯೋ, ಇಬ್ರೂ ಇಲ್ಲೇ ಇದ್ದೀರಲ್ಲ, ಎದುರುಬದುರು. ಬಾಯಲ್ಲೇ ಹೇಳಿಬಿಡಿ, ಎರಡು ನಿಮಿಷದ ಕೆಲಸ.”

ಇಬ್ಬರೂ ಅವನತ್ತ ನೋಡಿದ ನೋಟದಲ್ಲಿ, ಜನರಿರುವ ಕಡೆ ಬಟ್ಟೆ ಕಳಚಲು ಹೇಳಿದವನನ್ನು ನೋಡುವ ದಿಗ್ಭ್ರಮೆಯಿತ್ತು. ಸರ್ವೇಯರ್ ಗೋಡೆಯತ್ತ ತಿರುಗಿ ಕೇಳಿದ:

“ಡಬ್ಬಿ ಈಗ ಸರಿಯಾಗಿದೆಯಾ?”

“ಆಗಿದೆ.”

ಇಬ್ಬರೂ ಫೋನು ತೆಗೆದರು. ಸೋಮವಾರದ ಕಾಗದಗಳನ್ನು ಹುಡುಕಿ ಮತ್ತೆ ಕಳಿಸಿದರು. ಸೋಫಾದ ಎರಡೂ ತುದಿಯಲ್ಲಿ ಒಂದೊಂದು ಸಣ್ಣ ಗಂಟೆ ಹೊಡೆಯಿತು. ಆಮೇಲೆ ಆ ಕೋಣೆಯಲ್ಲಿ ಬೆರಳು ಪರದೆಯ ಮೇಲೆ ಸರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಡಬ್ಬಿರಾಯ ಬಾಗಿಲ ಬಳಿ ನಿಂತ. ಸರ್ವೇಯರ್ ಒಂದು ಕಡೆ ಕಣ್ಣೊರೆಸಿಕೊಂಡ. ಹೆಂಡತಿ ಒಂದು ಕಡೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದಳು. ಕೊನೆಗೆ ಇಬ್ಬರೂ ಏಕಕಾಲಕ್ಕೆ ತಲೆಯೆತ್ತಿದರು.

“ಈಜಾ?” ಎಂದ ಅಣ್ಣ.

“ಹೊಲಿಗೆಯಮ್ಮನಾ?” ಎಂದಳು ತಂಗಿ.

“ಯಾರು ಈಜೋದು?” ಎಂದ ಡಬ್ಬಿರಾಯ. ಅವನಿಗೆ ಯಾರೂ ಉತ್ತರ ಕೊಡಲಿಲ್ಲ. ಐವತ್ತೆರಡು ವರ್ಷದ ತನ್ನ ಹೆಂಡತಿ, ಸ್ನಾನಕ್ಕೂ ಎರಡೇ ಚೊಂಬು ನೀರು ಹಾಕಿಕೊಳ್ಳುವವಳು, ಈಜು ಕಲಿಯಲು ಹೆಸರು ಕೊಟ್ಟಿದ್ದಾಳೆ ಎಂಬುದು ಅವನ ತಲೆಗೆ ನಿಧಾನವಾಗಿ ಇಳಿದು, ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

ಸರ್ವೇಯರ್ ಗೋಡೆ ನೋಡಿದ. “ಎಷ್ಟು ಆಳ?”

“ನಾಲ್ಕಡಿಯಿಂದ ಶುರು.”

“ಹಾಗಾದ್ರೆ ಹೋಗು.”

ಅಣ್ಣ ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದ. “ನನ್ನ ವಿಷಯ ಬಿಡು. ಮುಗೀತು. ನಿನ್ನೆ ಅವರಿಗೆ ಬೇಡ ಅಂದುಬಿಟ್ಟೆ. ಬರೀ ಬೇಡ ಅಂತ ಹೋಗಿದೆ, ಯಾಕೆ ಅನ್ನೋದು ಹೋಗಿಲ್ಲ. ಇನ್ನು ಯಾವ ಮುಖ ಇಟ್ಕೊಂಡು ಹೋಗ್ಲಿ.”

ಹೆಂಡತಿ ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ತೆಗೆದ ಸದ್ದಾಯಿತು. ಎರಡು ಮೀಟರ್ ಕಪ್ಪು ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಬಂದು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿಯತೊಡಗಿದಳು. ಗಂಡ ಹಿಂದೆ, ಅಣ್ಣ ಅವನ ಹಿಂದೆ. ಸದ್ದು ಕೇಳಿ ಮೇಲಿನಿಂದ ಡಾಕ್ಟರು ಇಳಿದು ಬಂದರು. ಕೆಳಗೆ ಡಬ್ಬಿಯ ಮುಂದೆ ಹೊಸ ಸುತ್ತೋಲೆ ಹಿಡಿದು ನಿಂತಿದ್ದ ಕಾರ್ಯದರ್ಶಿ ದಾರಿ ಬಿಟ್ಟರು. ಅವಳು ಯಾರನ್ನೂ ನೋಡಲಿಲ್ಲ. ಮುಚ್ಚಿದ ಷಟರಿನ ಮೇಲೆ ಅಂಗೈಯಿಂದ ಮೂರು ಸಲ ಬಡಿದಳು.

ಷಟರು ಅಲುಗಲಿಲ್ಲ.

ಅಣ್ಣನ ಎದುರು ಎರಡು ಮಾತಿಗಿಂತ ಹೆಚ್ಚು ಆಡದ ಹೆಂಗಸು, ಇಪ್ಪತ್ತೆರಡು ಮನೆಗೂ ಕೇಳುವ ದನಿಯಲ್ಲಿ ಕೂಗಿದಳು:

“ಅತ್ತಿಗೇ, ಬಾಗಿಲು ತೆಗೀರಿ. ಈಜೋ ಬಟ್ಟೆಗೆ ಅಳತೆ ಕೊಡಬೇಕು.”

ಡಾಕ್ಟರು ಕಾರ್ಯದರ್ಶಿಯ ಮುಖ ನೋಡಿದರು, ಕಾರ್ಯದರ್ಶಿ ಸರ್ವೇಯರನ ಮುಖ ನೋಡಿದರು, ಸರ್ವೇಯರ್ ತನ್ನ ಅಂಗಿಯ ಗುಂಡಿಯನ್ನು ಹಿಡಿದುಕೊಂಡ. ಆಗ ಷಟರು ಕಿರುಗುಟ್ಟಿ ಒಂದು ಮೊಳ ಮೇಲೆದ್ದಿತು. ಕೆಳಗಿನ ಸಂದಿನಿಂದ ಒಂದು ಕೈ ಬಂದು ಬಟ್ಟೆಯನ್ನು ತೆಗೆದುಕೊಂಡು, ಬೆರಳಿನಿಂದ ಉಜ್ಜಿ ನೋಡಿತು.

“ನಾಳೆ ಆಗಲ್ಲಮ್ಮ,” ಎಂದಿತು ಒಳಗಿನ ದನಿ. “ನಾಳೆ ಹನ್ನೊಂದು ಗಂಟೆಗೆ ನಂಗೆ ಬೇರೆ ಕೆಲಸ ಇದೆ. ಸೋಮವಾರ ಕೊಡ್ತೀನಿ.”